ಕಬ್ಬಿಣದಲ್ಲಿ ಸಿಗದ ತಪ್ಪು

1970ರ ದಶಕದಲ್ಲಿ ಅಮೆರಿಕದ ಗ್ಯಾರೇಜುಗಳಿಗೆ ಬರತೊಡಗಿದ ಒಂದು ದೂರು ಅಲ್ಲಿನ ಮೆಕ್ಯಾನಿಕ್‌ಗಳ ತಲೆ ಕೆಡಿಸಿತು. ಕಾರು ಹೊಸದು. ಎಲ್ಲೂ ಗುದ್ದಿಲ್ಲ, ಗುಂಡಿಗೆ ಇಳಿದಿಲ್ಲ. ಚಕ್ರಗಳ ಕೋನ ಅಳೆದರೆ ಕಂಪನಿಯ ಪುಸ್ತಕದಲ್ಲಿ ಬರೆದಂತೆಯೇ ಇದೆ. ನಾಲ್ಕೂ ಟೈರಿನಲ್ಲಿ ಗಾಳಿ ಸಮ. ಬ್ರೇಕು ಎಲ್ಲೂ ಕಚ್ಚಿಕೊಂಡಿಲ್ಲ. ಆದರೂ ನೇರ ರಸ್ತೆಯಲ್ಲಿ ಸ್ಟೀರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲಿಸಿದರೆ ಗಾಡಿ ಮೆಲ್ಲಗೆ ಒಂದು ಬದಿಗೆ ಹೊರಳುತ್ತದೆ. ಮತ್ತೆ ಅಳೆದರೆ ಮತ್ತೆ ಎಲ್ಲ ಸರಿ. ಇಂಥ ಹೊತ್ತಿನಲ್ಲಿ ಚಾಲಾಕಿ ಮೆಕ್ಯಾನಿಕ್ ಮಾಡುವ ಕೆಲಸವೊಂದಿದೆ: ಸರಿಯಿರುವ ಕೋನವನ್ನೇ ಬೇಕೆಂದು ತುಸು ತಪ್ಪಾಗಿ ಕೂರಿಸಿ ಎಳೆತವನ್ನು ಹೊಡೆದುಹಾಕುವುದು. ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಮುಂದೆ ಟೈರು ಬದಲಾದ ದಿನ ಅದೇ ಕಾರು ಎದುರು ಬದಿಗೆ ಎಳೆಯಲು ಶುರುಮಾಡುತ್ತದೆ. ಸುಳಿವು ಅಲ್ಲೇ ಬಿದ್ದಿತ್ತು; ಆದರೆ ಟೈರಿನ ಮೇಲೆ ಅನುಮಾನಪಡುವ ಅಭ್ಯಾಸವೇ ಈ ಕಸುಬಿಗೆ ಇರಲಿಲ್ಲ.

ಯಾಕಿರಲಿಲ್ಲ ಎಂದರೆ, ಕಾರು ಒಂದು ಬದಿಗೆ ಎಳೆದರೆ ತಪ್ಪು ಕಬ್ಬಿಣದ್ದು ಎಂಬ ಪಾಠ ಬಹುಕಾಲ ಚೆನ್ನಾಗಿಯೇ ನಡೆದಿತ್ತು. ಆಕ್ಸಲ್ ಬಾಗಿರಬೇಕು, ಸ್ಪ್ರಿಂಗ್ ಕುಸಿದಿರಬೇಕು, ಬುಷ್ ಸವೆದಿರಬೇಕು. ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್; ಎಡ ಬಲ ಚಕ್ರಗಳಲ್ಲಿ ಅದು ಬೇರೆಬೇರೆಯಾದರೆ, ತಲೆ ಹೆಚ್ಚು ಹೊರಕ್ಕೆ ವಾಲಿದ ಚಕ್ರದ ಕಡೆಗೆ ಗಾಡಿ ಎಳೆಯುತ್ತದೆ. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಅದು ಎತ್ತ ಕಡಿಮೆಯೋ ಅತ್ತ ಎಳೆತ. ಮೂರನೆಯದು ಟೋ, ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಇದರಲ್ಲೊಂದು ತಮಾಷೆ ಇದೆ. ಮುಂದಿನ ಚಕ್ರಗಳ ಟೋ ತಪ್ಪಿದ್ದರೆ, ಸ್ಟೀರಿಂಗ್ ಬಿಟ್ಟ ಕೂಡಲೇ ಎರಡೂ ಚಕ್ರಗಳು ಆ ತಪ್ಪನ್ನು ಸಮನಾಗಿ ಹಂಚಿಕೊಂಡು ನೇರವಾಗಿಯೇ ಹೋಗುತ್ತವೆ. ಸ್ಟೀರಿಂಗ್ ಸೊಟ್ಟಗೆ ಕಾಣಬಹುದು, ಟೈರಿನ ಅಂಚು ಬೇಗ ಸವೆಯಬಹುದು, ಆದರೆ ಎಳೆತ ಅದರಿಂದ ಬರುವುದು ಅಪರೂಪ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಂಗಡಿಯವರು ಸುಲಭವಾಗಿ ತಿರುಗಿಸಿ ಸರಿಮಾಡಬಹುದಾದ ಕೋನ ಟೋ ಒಂದೇ. ಎಳೆತಕ್ಕೆ ಕಾರಣವಲ್ಲದ ಕೋನವನ್ನು ಸರಿಮಾಡಿ ‘ಅಲೈನ್‌ಮೆಂಟ್ ಆಯ್ತು ಸಾರ್’ ಎಂದು ಬಿಲ್ಲು ಕೊಡುವುದು ಹೀಗೆ ನಡೆದುಬಂದ ಪದ್ಧತಿ.

ಟೈರನ್ನು ಗುಂಡಗಿರುವ, ಮೆತ್ತಗಿರುವ, ತನ್ನದೇ ಮನಸ್ಸಿಲ್ಲದ ವಸ್ತು ಎಂದು ನಂಬಿದ್ದ ಕಾಲ 1920ರ ದಶಕದಲ್ಲೇ ಮುಗಿಯಬೇಕಿತ್ತು. ಆಗ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರುಗಳು ಬಂದವು. ಜೊತೆಗೇ ಮುಂದಿನ ಚಕ್ರಗಳು ತಂತಾನೇ ಎಡಬಲ ಅದುರುವ ಕಾಯಿಲೆಯೂ ಬಂತು. ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಫ್ರಾನ್ಸಿನ ಜಾರ್ಜ್ ಬ್ರೂಯೆ ಎಂಬ ಎಂಜಿನಿಯರ್ 1925ರಲ್ಲಿ ಈ ಅದುರುವಿಕೆಯ ಬೆನ್ನು ಹತ್ತಿ ಬರೆದ ಪ್ರಬಂಧದಲ್ಲಿ ಒಂದು ದೊಡ್ಡ ಮಾತು ಸಿಕ್ಕಿಹೋಯಿತು. ಟೈರಿಗೆ ಪಕ್ಕದಿಂದ ಬಲ ಬಿದ್ದರೆ ಅದು ತನ್ನ ಮೂತಿ ಇರುವ ದಿಕ್ಕಿಗೇ ಉರುಳುವುದಿಲ್ಲ. ಒಂದು ಸಣ್ಣ ಕೋನದಷ್ಟು ಓರೆಯಾಗಿ ಸಾಗುತ್ತದೆ. ಜಾರುವುದಲ್ಲ, ರಬ್ಬರು ತಿರುಚಿಕೊಳ್ಳುತ್ತ ಓರೆಯಾಗಿ ಹೆಜ್ಜೆಯಿಡುವುದು. ಇಂದು ವಾಹನ ವಿಜ್ಞಾನದ ಇಡೀ ಕಟ್ಟಡ ಈ ಸ್ಲಿಪ್ ಆಂಗಲ್ ಮೇಲೆ ನಿಂತಿದೆ.

ಅದನ್ನು ಅಳೆದು ತೋರಿಸುವ ಕೆಲಸ ಅಮೆರಿಕದಲ್ಲಾಯಿತು. ರೋಲ್ಸ್‌ರಾಯ್ಸ್‌ನಿಂದ ಕ್ಯಾಡಿಲಾಕ್‌ಗೆ ಬಂದಿದ್ದ ಮಾರಿಸ್ ಆಲಿ ಎಂಬಾತ ಮುಂದಿನ ಚಕ್ರಗಳನ್ನು ಒಂದೇ ಆಕ್ಸಲ್‌ಗೆ ಕಟ್ಟಿಹಾಕದೆ ಬಿಡಿಬಿಡಿಯಾಗಿ ತೂಗುಹಾಕುವ ಸಸ್ಪೆನ್ಷನ್ನಿನ ಹಿಂದೆ ಬಿದ್ದಿದ್ದ. ಕ್ಯಾಡಿಲಾಕ್‌ನ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ 1934ರ ಮಾದರಿಗಳಲ್ಲಿ ಅದು ಬಂತು. ಆ ಕೆಲಸದಲ್ಲಿ ಮತ್ತೆಮತ್ತೆ ಅಡ್ಡಬಂದದ್ದು ಟೈರಿನ ನಡತೆಯ ಬಗೆಗಿನ ಅಜ್ಞಾನ. ಗುಡ್‌ಇಯರ್ ಕಂಪನಿಯಲ್ಲಿ ನುಣುಪಾದ ದೊಡ್ಡ ಡ್ರಮ್ಮಿನ ಮೇಲೆ ಟೈರು ಓಡಿಸಿ, ಸ್ವಲ್ಪ ಓರೆ ಮಾಡಿದಾಗ ಎಷ್ಟು ಪಕ್ಕಬಲ ಹುಟ್ಟುತ್ತದೆ, ಅದು ತನ್ನನ್ನು ತಾನೇ ನೇರ ಮಾಡಿಕೊಳ್ಳಲು ಎಷ್ಟು ತಿರುಚುಬಲ ಕೊಡುತ್ತದೆ ಎಂದು ಅಳೆದರು. ಅಲ್ಲಿನ ಇವಾನ್ಸ್ ಇದನ್ನು 1935ರಲ್ಲಿ ಪ್ರಕಟಿಸಿದ. ಟೈರು ರಸ್ತೆಗೆ ತಾಗುವ ಅಂಗೈಯಗಲದ ಜಾಗದಲ್ಲಿ ಹುಟ್ಟುವ ಬಲ ನಟ್ಟನಡುವೆ ಇರದೆ ತುಸು ಹಿಂದಕ್ಕೆ ಸರಿದಿರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರವಾಗುವುದಕ್ಕೆ ಅದೂ ಒಂದು ಕಾರಣ. ಅಂದರೆ ಸ್ಟೀರಿಂಗನ್ನು ತಿರುಗಿಸುವ ಶಕ್ತಿ ರಬ್ಬರಿಗೇ ಇದೆ ಎಂದಾಯಿತು. ಸುಮ್ಮನೆ ನೇರ ಓಡುವಾಗಲೂ ಅದು ಆ ಶಕ್ತಿಯನ್ನು ಬಳಸಬಹುದೇ ಎಂಬ ಪ್ರಶ್ನೆ ಮಾತ್ರ ಬಾಕಿ ಉಳಿಯಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಡನ್‌ಲಪ್ ಕಾರ್ಖಾನೆಯ ಎರಿಕ್ ಗಫ್ ಇನ್ನೂ ಮುಂದೆ ಹೋದ. ಟೈರನ್ನು ಎಲ್ಲ ದಿಕ್ಕಿನಿಂದಲೂ ಒಟ್ಟಿಗೇ ಒತ್ತಿ, ಓರೆಮಾಡಿ, ವಾಲಿಸಿ ಪರೀಕ್ಷಿಸಲು ಆರು ಕಾಲುಗಳ ಯಂತ್ರವೊಂದನ್ನು ಕಟ್ಟಿದ. ಆರೂ ಕಾಲುಗಳನ್ನು ಬೇಕಾದಷ್ಟು ಉದ್ದ ಗಿಡ್ಡ ಮಾಡಬಹುದು. 1950ರ ದಶಕದ ನಡುವಿಗೆ ಅದು ಕೆಲಸ ಶುರುಮಾಡಿತು. ಪೈಲಟ್‌ಗಳಿಗೆ ತರಬೇತಿ ಕೊಡುವ ಸಿಮ್ಯುಲೇಟರ್ ಕೋಣೆಗಳು ಇಂದು ಅಲ್ಲಾಡುವುದು ಇಂಥದೇ ಆರು ಕಾಲುಗಳ ಮೇಲೆ ಎಂಬುದು ಈ ಕತೆಯ ಹೊರಗಿನ ಮಾತು, ಆದರೂ ಹೇಳದಿರಲಾಗಲಿಲ್ಲ. ಕತೆಗೆ ಬೇಕಾದದ್ದು ಇದು: 1961ರ ಹೊತ್ತಿಗೆ ಗಫ್ ಮತ್ತು ಸಂಗಡಿಗರು, ಕಾರ್ಖಾನೆಯಿಂದ ಹೊರಬರುವ ಟೈರುಗಳ ಏಕರೂಪತೆಯನ್ನು ಅಳೆದು ವಿಂಗಡಿಸುವ ಯಂತ್ರದ ಬಗ್ಗೆ ಬರೆದರು. ಒಂದೇ ಅಚ್ಚಿನಲ್ಲಿ ಬೆಂದ ಟೈರುಗಳೂ ಒಂದೇ ತರಹ ಇರುವುದಿಲ್ಲ ಎನ್ನುವುದನ್ನು ಒಪ್ಪಿಕೊಂಡ ಯಂತ್ರ ಅದು.

ಅಷ್ಟರಲ್ಲಿ ಟೈರಿನ ಒಡಲೇ ಬದಲಾಗಿತ್ತು. ಹಳೆಯ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಎದುರುಬದುರಾಗಿ ಹೆಣೆದುಕೊಂಡಿರುತ್ತಿದ್ದವು. ಫ್ರಾನ್ಸಿನ ಮಿಶೆಲಿನ್ ಕಂಪನಿಯ ಮಾರಿಯಸ್ ಮಿನ್ಯೋಲ್, ಮೊದಲು ಕಂಪನಿಯ ಮುದ್ರಣ ವಿಭಾಗದಲ್ಲಿದ್ದ ಮನುಷ್ಯ, ಟೈರು ಬಿಸಿಯಾಗುವುದು ಎಲ್ಲಿ ಎಂದು ಹುಡುಕಲು ಹೊರಟು, ಪಕ್ಕಗೋಡೆಯ ಬದಲು ಬರೀ ಅಡ್ಡತಂತಿಗಳನ್ನು ಇಟ್ಟ ವಿಚಿತ್ರ ಟೈರೊಂದನ್ನು ಮಾಡಿದ. ಅದನ್ನು ನೊಣದ ಪಂಜರ ಎಂದು ಕರೆದರಂತೆ. ಅದರಿಂದ ಬೆಳೆದದ್ದೇ ರೇಡಿಯಲ್: ಪಕ್ಕಗೋಡೆಯಲ್ಲಿ ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಅಡ್ಡಕ್ಕೆ, ಮೇಲುಗಡೆ ನೆಲ ತಾಗುವಲ್ಲಿ ಸುತ್ತಲೂ ಉಕ್ಕಿನ ತಂತಿಯ ಬಿಗಿಪಟ್ಟಿ. ಪೇಟೆಂಟ್ 1946ರಲ್ಲಿ, ಮಾರುಕಟ್ಟೆಗೆ 1949ರಲ್ಲಿ. ಬಾಳಿಕೆ ಹೆಚ್ಚು, ಹಿಡಿತ ಹೆಚ್ಚು. ಯುರೋಪು ಬೇಗ ಒಲಿಯಿತು. ಅಮೆರಿಕ ತಡಮಾಡಿ, 1970ರ ದಶಕದಲ್ಲಿ ಒಮ್ಮೆಲೇ ಆ ಕಡೆ ತಿರುಗಿತು. ಎಳೆತದ ದೂರುಗಳು ಗ್ಯಾರೇಜಿಗೆ ಬಂದದ್ದು ಆ ತಿರುವಿನ ಜೊತೆಗೇ.

ಟೈರಿನ ಮೇಲೆ ಅನುಮಾನ ಬಂದ ಮೇಲೆ ಪರೀಕ್ಷೆ ಸುಲಭ. ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ ಕಳ್ಳ ಸಿಕ್ಕಿಬಿದ್ದ. ಕಬ್ಬಿಣದ ತಪ್ಪಾಗಿದ್ದರೆ ಅದು ಇದ್ದಲ್ಲೇ ಇರುತ್ತಿತ್ತು. ಜಾಗ ಬದಲಿಸಿದ್ದು ಟೈರು ಮಾತ್ರ. ಅಳತೆಯ ಯಂತ್ರ ಬೇಡ, ಜಾಕು ಮತ್ತು ಪಾನ ಸಾಕು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ವಾಹನ ರಿಪೇರಿಯಲ್ಲಿ ಇನ್ನೊಂದಿದೆಯೋ ಇಲ್ಲವೋ. ಆದರೆ ಕೆಲವು ಕಾರುಗಳಲ್ಲಿ ಅದು ಕೈಕೊಡುತ್ತಿತ್ತು. ಚಕ್ರ ಅದಲುಬದಲು ಮಾಡಿದರೂ ಎಳೆತ ಮೊದಲಿದ್ದ ಬದಿಗೇ ಇರುತ್ತಿತ್ತು. ಇನ್ನೊಂದು ಮಾದರಿಯ ಟೈರು ತಂದು ಹಾಕಿದರೆ ಮಾಯ! ಅಂದರೆ ತಪ್ಪು ಟೈರಿನದೇ, ಆದರೂ ಟೈರಿನ ಜೊತೆ ಬದಿ ಬದಲಿಸುತ್ತಿಲ್ಲ. ಇದು ಹೇಗೆ ಸಾಧ್ಯ?

ಗಂಟು ಬಿಚ್ಚಿದ್ದು ಟೈರನ್ನು ಹಿಂದುಮುಂದಾಗಿ ಉರುಳಿಸಿದಾಗ. ಡ್ರಮ್ಮಿನ ಮೇಲೆ ಟೈರನ್ನು ನೆಟ್ಟಗೆ ನಿಲ್ಲಿಸಿ, ಓರೆ ಇಲ್ಲ, ವಾಲು ಇಲ್ಲ, ಮೇಲಿನಿಂದ ಕಾರಿನ ತೂಕದಲ್ಲಿ ಒಂದು ಚಕ್ರದ ಪಾಲಿಗೆ ಬರುವಷ್ಟು ಭಾರ ಹೇರಿ ಓಡಿಸಿದರೆ ಲೆಕ್ಕದ ಪ್ರಕಾರ ಪಕ್ಕಬಲ ಸೊನ್ನೆಯಿರಬೇಕು. ಇರಲಿಲ್ಲ. ಅದೇ ಟೈರನ್ನು ಈಗ ಎದುರು ದಿಕ್ಕಿಗೆ ಸುತ್ತಿಸಿದರು. ಬಲ ಬದಲಾಯಿತು, ಆದರೆ ಪೂರ್ತಿ ತಿರುಗುಮುರುಗಾಗಲಿಲ್ಲ. ಒಂದು ಪಾಲು ಹಾಗೇ ಉಳಿಯಿತು, ಒಂದು ಪಾಲು ತಲೆಕೆಳಗಾಯಿತು. ಎರಡು ಅಳತೆಗಳನ್ನು ಕೂಡಿಸಿ ಅರ್ಧ ಮಾಡಿದರೆ ಸುತ್ತುವ ದಿಕ್ಕಿಗೆ ಕೇರ್ ಮಾಡದ ಪಾಲು. ಕಳೆದು ಅರ್ಧ ಮಾಡಿದರೆ ದಿಕ್ಕಿನ ಜೊತೆ ತಿರುಗುವ ಪಾಲು. ಒಂದೇ ಬಲ ಎಂದುಕೊಂಡದ್ದರಲ್ಲಿ ಎರಡು ಬೇರೆಬೇರೆ ಬಲಗಳು ಅಡಗಿದ್ದವು. ಪ್ರಾಥಮಿಕ ಶಾಲೆಯ ಗಣಿತ. ಆದರೆ ಟೈರನ್ನು ಹಿಂದಕ್ಕೆ ಉರುಳಿಸಿ ನೋಡೋಣ ಎಂದು ತೋರುವುದು ಗಣಿತದಿಂದ ಬರುವಂಥದ್ದಲ್ಲ. ಟೈರಿನಿಂದಲೇ ಹುಟ್ಟುವ ಎಳೆತದ ಬಗ್ಗೆ ಟಾಪಿಂಗ್ 1975ರಲ್ಲಿ, ರೇಡಿಯಲ್ ಟೈರಿನ ಪದರಗಳಿಂದ ಬರುವ ಬಲದ ಬಗ್ಗೆ ಪಾಟಿಂಜರ್ 1976ರಲ್ಲಿ, ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸೊಸೈಟಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿಂದ ಮುಂದೆ ರಬ್ಬರು ನಿರಪರಾಧಿ ಎನ್ನಲು ಯಾರಿಗೂ ಆಧಾರ ಉಳಿಯಲಿಲ್ಲ.

ದಿಕ್ಕಿಗೆ ಕೇರ್ ಮಾಡದ ಮೊದಲ ಪಾಲಿಗೆ ಕೋನಿಸಿಟಿ ಎನ್ನುತ್ತಾರೆ. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಮಲಗಿಸಿ ತಳ್ಳಿದರೆ ನೇರ ಹೋಗದೆ ತಳದ ಕಡೆಗೆ ಸುತ್ತು ಹಾಕುತ್ತದೆ. ಹಿಂದಕ್ಕೆ ತಳ್ಳಿದರೂ ತಳದ ಕಡೆಗೇ. ಟೈರು ಕಟ್ಟುವಾಗ ಉಕ್ಕಿನ ಪಟ್ಟಿ ನಡುವಿನಿಂದ ಒಂದಿಷ್ಟು ಸರಿದು ಕೂತರೆ ಒಂದು ಅಂಚು ಬಿಗಿ, ಇನ್ನೊಂದು ಸಡಿಲ; ಗಾಳಿ ತುಂಬಿದ ಟೈರು ಕಣ್ಣಿಗೆ ಕಾಣದಷ್ಟು ಶಂಕುವಾಗುತ್ತದೆ. ಇದು ಕೈತಪ್ಪು. ಒಂದು ಟೈರಿನಲ್ಲಿ ಆ ಕಡೆಗೆ, ಇನ್ನೊಂದರಲ್ಲಿ ಈ ಕಡೆಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಎಡ ಬಲ ಟೈರುಗಳಲ್ಲಿ ಒಂದೇ ಅಳತೆಯ ಕೋನಿಸಿಟಿ ಇದ್ದು ಎರಡೂ ಹೊರಕ್ಕೆ, ಇಲ್ಲವೇ ಎರಡೂ ಒಳಕ್ಕೆ ತಳ್ಳುತ್ತಿದ್ದರೆ ಒಂದನ್ನೊಂದು ಹೊಡೆದುಹಾಕಿ ಕಾರು ನೇರ ಹೋಗುತ್ತದೆ. ವ್ಯತ್ಯಾಸವಿದ್ದರೆ ಮಾತ್ರ ಎಳೆತ. ಚಕ್ರ ಅದಲುಬದಲಾದರೆ ವ್ಯತ್ಯಾಸವೂ ಬದಿ ಬದಲಿಸುತ್ತದೆ. ಜಾಕು ಪಾನದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದದ್ದು ಇದು.

ಸಿಗದೆ ತಪ್ಪಿಸಿಕೊಳ್ಳುತ್ತಿದ್ದದ್ದು ಎರಡನೆಯದು, ಪ್ಲೈ ಸ್ಟೀರ್. ಇದು ಕೈತಪ್ಪಲ್ಲ, ವಿನ್ಯಾಸದೊಳಗೇ ಕೂತದ್ದು. ಉಕ್ಕಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಪದರ. ತಂತಿಗಳು ಒಂದರಲ್ಲಿ ಎಡಕ್ಕೆ ಸುಮಾರು 20 ಡಿಗ್ರಿ ಓರೆ, ಇನ್ನೊಂದರಲ್ಲಿ ಬಲಕ್ಕೆ ಅಷ್ಟೇ ಓರೆ. ಎರಡೂ ಸರಿಸಮ ಅನಿಸುತ್ತದೆ. ಆದರೆ ಒಂದು ಪದರ ಮೇಲಿದೆ, ಒಂದು ಕೆಳಗಿದೆ. ಗುಂಡಗಿನ ಟೈರು ನೆಲಕ್ಕೆ ತಾಗಿ ಚಪ್ಪಟೆಯಾಗುವ ಕ್ಷಣದಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಮೇಲಿನ ಪದರದ ಓರೆಯೇ ಗೆದ್ದು, ನೆಲ ತಾಗಿದ ಭಾಗ ಒಂದು ಕಡೆಗೆ ಒಂದಿಷ್ಟು ತಿರುಚಿಕೊಳ್ಳುತ್ತದೆ. ಟೈರನ್ನು ಎಡದಿಂದ ಬಲಕ್ಕೆ ಹಾಕಿದಾಗ ಅದು ತನ್ನ ಸುತ್ತ ಅರ್ಧ ಸುತ್ತು ತಿರುಗಿದಂತಾಗುತ್ತದೆ. ಓರೆಗೆರೆಯನ್ನು ಅರ್ಧ ಸುತ್ತು ತಿರುಗಿಸಿದರೆ ಅದೇ ಓರೆಗೆರೆ. ಆದ್ದರಿಂದ ಬಲವೂ ಅದೇ ಬದಿಗೆ. ಒಂದೇ ಮಾದರಿಯ ಎಲ್ಲ ಟೈರುಗಳಲ್ಲೂ ಇದು ಒಂದೇ ಬದಿಗೆ, ಎಡ ಬಲ ಚಕ್ರಗಳದ್ದು ಸೇರಿ ಇಮ್ಮಡಿ. ಹಳೆಯ ಹೆಣಿಗೆಯ ಟೈರಿನಲ್ಲಿ ಇಂಥ ಬಿಗಿಪಟ್ಟಿಯೇ ಇರಲಿಲ್ಲವಾದ್ದರಿಂದ ಈ ಕಾಟ ಕಣ್ಣಿಗೆ ಬಿದ್ದಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಟ್ಟರೆ ಕತೆ ಅರ್ಧ. ಚಾಲಕನ ಕೈಗೆ ತಾಗುವುದು ಪಕ್ಕಬಲವಲ್ಲ, ತಿರುಚುಬಲ. ಟೈರು ಪಕ್ಕಕ್ಕೆ ತಳ್ಳಿದರೆ ಕಾರು ಕೂದಲೆಳೆಯಷ್ಟು ಓರೆಯಾಗಿ ಸಾಗಿ ಆ ಬಲವನ್ನು ಸೊನ್ನೆ ಮಾಡಿಕೊಳ್ಳುತ್ತದೆ. ಆದರೆ ಬಲ ಸೊನ್ನೆಯಾದ ಆ ಕೋನದಲ್ಲಿ ತಿರುಚುಬಲ ಸೊನ್ನೆಯಾಗಿರುವುದಿಲ್ಲ. ಮಿಕ್ಕಿದ್ದು ಸ್ಟೀರಿಂಗನ್ನು ಹಿಡಿದು ತಿರುಗಿಸುತ್ತದೆ. ಹಿಂದಿನ ಟೈರಿನಲ್ಲಿ ದೋಷವಿದ್ದರೆ ಕಾರು ಸ್ವಲ್ಪ ಓರೆಯಾಗಿ ಓಡಬಹುದು, ಸ್ಟೀರಿಂಗ್ ಸೊಟ್ಟ ನಿಲ್ಲಬಹುದು. ಕೈಗೆ ಜಗ್ಗಿದಂತೆ ಆಗುವುದು ಹೆಚ್ಚಾಗಿ ಮುಂದಿನ ಟೈರಿನಿಂದಲೇ.

ಪ್ಲೈ ಸ್ಟೀರ್ ವಿನ್ಯಾಸದ ಕೂಸು ಎಂದು ಗೊತ್ತಾದ ಮೇಲೆ ಎಂಜಿನಿಯರುಗಳು ಅದನ್ನು ಕೆಲಸಕ್ಕೆ ಹಚ್ಚಿದರು. ರಸ್ತೆ ಎಂದೂ ಮಟ್ಟಸವಲ್ಲ. ನೀರು ಹರಿದುಹೋಗಲಿ ಎಂದು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಮ್ಮ ಡಾಂಬರು ರಸ್ತೆಗಳಲ್ಲಿ ಅದು ನೂರಕ್ಕೆ ಎರಡರ ಆಸುಪಾಸು, ಮಳೆ ಹೆಚ್ಚಿರುವ ಕಡೆ ಇನ್ನೂ ತುಸು ಜಾಸ್ತಿ. 1,000 ಕಿಲೋ ತೂಕದ ಕಾರನ್ನು ಈ ಇಳಿಜಾರು 20 ಕಿಲೋ ಭಾರದಷ್ಟು ಬಲದಿಂದ ಸದಾ ಅಂಚಿಗೆ ದೂಡುತ್ತಿರುತ್ತದೆ. ಅಮೆರಿಕದಲ್ಲಿ ಬಲಬದಿ ಸಂಚಾರ, ಹಾಗಾಗಿ ದೂಡುವುದು ಬಲಕ್ಕೆ. ಮೇಲಿನ ಪದರದ ಓರೆಯನ್ನು ಆರಿಸಿ, ಟೈರಿನ ತಿರುಚುಬಲ ಎಡಕ್ಕೆ ಬರುವಂತೆ ಮಾಡಿದರೆ ಎರಡೂ ಸರಿಹೋಗುತ್ತವೆ. ಎಡಬದಿ ಸಂಚಾರದ ನಮ್ಮಲ್ಲಿ ಬೇಕಾದದ್ದು ಇದರ ತದ್ವಿರುದ್ಧ. ಅಲ್ಲಿನ ರಸ್ತೆಗೆಂದು ಮಾಡಿದ ಟೈರು ಇಲ್ಲಿಗೆ ಬಂದರೆ, ಇಳಿಜಾರು ಎಡಕ್ಕೆ ದೂಡುವ ಕಾರನ್ನು ಅದೂ ಎಡಕ್ಕೇ ತಿರುಚುತ್ತದೆ.

ನಮ್ಮ ಚಾಲಕರ ದೂರು ಬಹುಪಾಲು ‘ಎಡಕ್ಕೆ ಎಳೀತಿದೆ’ ಎಂದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಎಷ್ಟು ಪಾಲು ಕಾರಿನದು, ಎಷ್ಟು ಪಾಲು ಲೋಕೋಪಯೋಗಿ ಇಲಾಖೆಯದು ಎಂದು ಬೇರ್ಪಡಿಸಲು ಮಟ್ಟಸವಾದ ದೊಡ್ಡ ಮೈದಾನ ಬೇಕು. ಅದೇ ಜಾಗದಲ್ಲಿ ಒಮ್ಮೆ ಹೋಗಿ, ಒಮ್ಮೆ ವಾಪಸು ಬನ್ನಿ. ಎಳೆತ ಎರಡು ಸಲವೂ ಕಾರಿನ ಎಡಕ್ಕೇ ಇದ್ದರೆ ಕಾರಿನದು. ಹೋಗುವಾಗ ಎಡಕ್ಕೆ ಬರುವಾಗ ಬಲಕ್ಕೆ ಆದರೆ ನೆಲದ್ದು, ಅಥವಾ ಗಾಳಿಯದು. ಟೈರು ಹಿಂದುಮುಂದು ಉರುಳಿಸಿದ ಉಪಾಯವೇ ಇದು, ಪ್ರಯೋಗಾಲಯವಿಲ್ಲದೆ.

ಕೋನಿಸಿಟಿಯನ್ನು ಮಾತ್ರ ಕಾರ್ಖಾನೆಯಲ್ಲೇ ಹಿಡಿಯಬೇಕು. ರಾಜ್ಯ ಸರ್ಕಾರದ ಉದ್ಯಮವಾಗಿ ಹುಟ್ಟಿ ಆಮೇಲೆ ಜೆಕೆ ಟೈರ್‌ನ ಕೈಗೆ ಹೋದ ಮೈಸೂರಿನ ವಿಕ್ರಾಂತ್‌ನಂಥ ಊರ ಕಾರ್ಖಾನೆಗಳು ಟೈರನ್ನು ನಮಗೆ ಹತ್ತಿರದ ವಸ್ತು ಮಾಡಿದವು. ಆದರೆ ಅಚ್ಚಿನಿಂದ ಹೊರಬಂದ ರೇಡಿಯಲ್ ಟೈರು ಗೋದಾಮು ಸೇರುವ ಮುನ್ನ ಎರಡೂ ದಿಕ್ಕಿಗೆ ಸುತ್ತಿ ಪರೀಕ್ಷೆ ಕೊಡುತ್ತದೆ ಎಂಬುದು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಟೈರು ಸಿಕ್ಕಿಬಿತ್ತೆಂದು ಉಳಿದವರೆಲ್ಲ ಬಿಡುಗಡೆಯಾಗಲಿಲ್ಲ. ಬ್ರೇಕು ಒತ್ತಿದಾಗ ಅಥವಾ ಒತ್ತಿ ಬಿಟ್ಟ ಮೇಲೆ ಮಾತ್ರ ಎಳೆದರೆ ಟೈರನ್ನು ನೋಡುತ್ತ ಕೂರಬಾರದು. ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದಿರಬಹುದು, ಒಳಗೆ ಊದಿಕೊಂಡ ಬ್ರೇಕ್ ಹೋಸು ಎಣ್ಣೆಯನ್ನು ಹೋಗಲು ಬಿಟ್ಟು ಮರಳಲು ಬಿಡದೆ ಇರಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರೆ ಬಿಸಿಯೇ ಹೇಳುತ್ತದೆ. ಬ್ರೇಕಿನಿಂದ ಬರುವ ಇಂಥ ಎಳೆತವನ್ನು ತಡೆಯಲೆಂದು 1972ರ ಆಡಿ 80 ಕಾರಿನಲ್ಲಿ ಚಕ್ರ ತಿರುಗುವ ಅಚ್ಚಿನ ಗೆರೆ ನೆಲ ಮುಟ್ಟುವ ಜಾಗವನ್ನು ಟೈರಿನ ನಡುಗೆರೆಗಿಂತ ಹೊರಕ್ಕೆ ಸರಿಸಿದರು. ಒಂದು ಬದಿಯ ಬ್ರೇಕು ಹೆಚ್ಚು ಹಿಡಿದರೂ ಚಕ್ರಗಳು ತಾವೇ ಎದುರು ಬದಿಗೆ ತಿರುಗಿ ಕಾರನ್ನು ನೇರ ಇಡುವ ಜಾಣ ಏರ್ಪಾಡು ಅದು. ಇನ್ನು ಎಡಕ್ಕೆ ತಿರುಗಿ ಬಂದ ಮೇಲೆ ಎಡಕ್ಕೂ, ಬಲಕ್ಕೆ ತಿರುಗಿ ಬಂದ ಮೇಲೆ ಬಲಕ್ಕೂ ಎಳೆಯುವ ಕಾರಿದ್ದರೆ ಅದು ಟೈರೂ ಅಲ್ಲ, ಕೋನವೂ ಅಲ್ಲ. ಸ್ಟ್ರಟ್ಟಿನ ಮೇಲಿನ ಬೇರಿಂಗೋ ಬಾಲ್ ಜಾಯಿಂಟೋ ಬಿಗಿಯಾಗಿದೆ.

ಈಗ ಹೊಸ ಆರೋಪಿಯೊಬ್ಬ ಬಂದಿದ್ದಾನೆ. ಸ್ಟೀರಿಂಗಿಗೆ ವಿದ್ಯುತ್ ಮೋಟರಿನ ಸಹಾಯ ಬಂದ ಮೇಲೆ, 2010ರ ಸುಮಾರಿಗೆ ಫೋರ್ಡ್‌ನಂಥ ಕಂಪನಿಗಳು ಎಳೆತವನ್ನು ಗುರುತಿಸಿ ಮೋಟರಿನಿಂದಲೇ ಎದುರು ಬಲ ಕೊಡುವ ಏರ್ಪಾಡು ತಂದವು. ಚಾಲಕ ನೇರ ರಸ್ತೆಯಲ್ಲಿ ಸದಾ ಒಂದೇ ಬದಿಗೆ ಕೈ ಬಿಗಿಹಿಡಿದಿದ್ದಾನೆ ಎಂದು ಕಂಡರೆ ಸಾಫ್ಟ್‌ವೇರು ಆ ಭಾರವನ್ನು ತಾನು ಹೊತ್ತುಕೊಳ್ಳುತ್ತದೆ. ಕೈಗೆ ಹಾಯೆನಿಸುತ್ತದೆ. ಆದರೆ ಕಚ್ಚಿಕೊಂಡಿರುವ ಕ್ಯಾಲಿಪರ್ ಕಚ್ಚಿಕೊಂಡೇ ಇರುತ್ತದೆ, ಟೈರಿನ ಅಂಚು ಸವೆಯುತ್ತಲೇ ಹೋಗುತ್ತದೆ; ಹೇಳಬೇಕಾದ ಎಳೆತ ಬಾಯಿ ಮುಚ್ಚಿಕೊಂಡಿದೆ. ನನಗಂತೂ ಈ ಉಪಕಾರದ ಬಗ್ಗೆ ಪೂರ್ತಿ ಒಲವಿಲ್ಲ. ಅಷ್ಟೇ ಅಲ್ಲ, ಅಲೈನ್‌ಮೆಂಟ್ ಮಾಡಿದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರಿಗೆ ನಡುಬಿಂದು ಯಾವುದೆಂದು ಮತ್ತೆ ಕಲಿಸಬೇಕಾದ ಕಾರುಗಳಿವೆ. ಕಲಿಸದಿದ್ದರೆ ಎಲ್ಲ ಕೋನ ಸರಿಯಿದ್ದೂ ಕಾರು ಎಳೆಯಬಹುದು. ಜಾಕು ಪಾನದ ಹಳೆಯ ಪರೀಕ್ಷೆಯೂ ಇಂಥ ಕಾರಿನಲ್ಲಿ ಮೊದಲಿನಷ್ಟು ಸರಳವಲ್ಲ. ಚಕ್ರ ಅದಲುಬದಲು ಮಾಡಿ ಹೊರಟರೆ, ಹಳೆಯ ಎಳೆತಕ್ಕೆ ಒಗ್ಗಿಕೊಂಡಿದ್ದ ಮೋಟರು ಇನ್ನೂ ಹಳೆಯ ಬದಿಗೇ ಎದುರು ಬಲ ಕೊಡುತ್ತಿರುತ್ತದೆ; ಟೈರಿನ ಎಳೆತ ಈಗ ಮೋಟರು ತಳ್ಳುವ ಬದಿಗೇ ತಿರುಗಿರುವುದರಿಂದ ಎರಡೂ ಕೂಡಿಕೊಂಡು ಮೊದಲಿಗಿಂತ ಜೋರಾಗಿ ಎಳೆಯಬಹುದು. ಮೋಟರು ಹೊಸದನ್ನು ಕಲಿಯುವಷ್ಟು ದೂರ ಓಡಿಸಿದ ಮೇಲೆಯೇ ಟೈರಿನ ಮೇಲೆ ತೀರ್ಪು ಕೊಡಬೇಕು.